ಸೋನ್ಯಾ ನಿಜವಾಗಿಯೂ ಅಳುತ್ತಾಳೆ, ನೋಡುವವರು ಗಡಿಯಾರ ನೋಡುತ್ತಾರೆ: ಚೆಕಾಫ್ ನಾಟಕಕ್ಕೆ ನಟರನ್ನು ತಯಾರು ಮಾಡುವುದು ಹೇಗೆ?

ಮಲೆನಾಡ_ರಂಗ
ನಮ್ಮದು ಹವ್ಯಾಸಿ ತಂಡ. ಬ್ಯಾಂಕು, ಶಾಲೆ, ಅಡಿಕೆ ಮಂಡಿ ಮುಗಿಸಿಕೊಂಡು ಸಂಜೆ ತಾಲೀಮಿಗೆ ಬರುವವರು. ಸಾಮಾಜಿಕ ನಾಟಕ, ಹಾಸ್ಯ ನಾಟಕ ಸಾಕಷ್ಟು ಆಡಿದ್ದೇವೆ. ಈ ಸಲ ಧೈರ್ಯ ಮಾಡಿ ರಷ್ಯನ್ ನಾಟಕಕಾರ ಚೆಕಾಫ್‌ನ ‘ವಾನ್ಯಾ ಮಾಮ’ ಎತ್ತಿಕೊಂಡಿದ್ದೇವೆ. ಸೋನ್ಯಾ ಮತ್ತು ಅವಳ ಮಾಮ ವಾನ್ಯಾ ದುಡಿದು ನಡೆಸುವ ಜಮೀನಿಗೆ ಅವಳ ತಂದೆ ಪ್ರೊಫೆಸರ್ ತನ್ನ ಎರಡನೇ ಹೆಂಡತಿ ಯೆಲೆನಾಳೊಡನೆ ಬಂದು ಎಲ್ಲವನ್ನೂ ಕದಡುವ ಕಥೆ. ಮೊದಲ ಮೂರು ಅಂಕ ಹೇಗೋ ಸಾಗುತ್ತಿವೆ. ತೊಂದರೆ ಇರುವುದು ಕೊನೆಯಲ್ಲಿ.

ಪ್ರೊಫೆಸರ್ ದಂಪತಿ ಹೊರಟುಹೋಗಿ, ಡಾಕ್ಟರ್ ಅಸ್ತ್ರೋವ್ ಕೂಡ ಹೋದ ಮೇಲೆ ಸೋನ್ಯಾ ತನ್ನ ಮಾಮನಿಗೆ ಹೇಳುವ ದೊಡ್ಡ ಮಾತು ಇದೆಯಲ್ಲ, ‘ನಾವು ವಿಶ್ರಮಿಸುತ್ತೇವೆ’ ಎನ್ನುವುದು, ಅಲ್ಲಿ ನಮ್ಮ ಸೋನ್ಯಾ ನಿಜವಾಗಿಯೇ ಅಳುತ್ತಾಳೆ. ಗ್ಲಿಸರಿನ್ ಇಲ್ಲ. ಕಣ್ಣು ಕೆಂಪಾಗುತ್ತದೆ, ಗಂಟಲು ಕಟ್ಟುತ್ತದೆ. ರಷ್ಯನ್ ನಿರ್ದೇಶಕ ಸ್ತಾನಿಸ್ಲಾವ್‌ಸ್ಕಿಯನ್ನು ಓದಿಕೊಂಡು ಭಾವಸ್ಮರಣೆಯ ಅಭ್ಯಾಸವನ್ನು ನಾನೇ ಮಾಡಿಸಿದ್ದೇನೆ: ನಿನ್ನ ಬದುಕಿನ ಒಂದು ಸಾವನ್ನು ನೆನೆಸಿಕೋ, ಅಲ್ಲಿಂದ ಮಾತಿಗೆ ಬಾ ಎಂದು. ಆದರೆ ತಾಲೀಮು ನೋಡಲು ಕರೆಸಿದ್ದ ಸ್ನೇಹಿತರು ಸರಿಯಾಗಿ ಆ ಹೊತ್ತಿನಲ್ಲೇ ಗಡಿಯಾರ ನೋಡಿದರು. ಅಳು ನಿಜ, ಆದರೆ ದೃಶ್ಯ ಯಾರನ್ನೂ ಮುಟ್ಟುವುದಿಲ್ಲ. ರಷ್ಯನ್ ನಾಟಕಗಳಿಗೆ ನಟರನ್ನು ತಯಾರು ಮಾಡಿದ ಅನುಭವ ಇರುವವರು ಏನಾದರೂ ಹೇಳಬಲ್ಲಿರಾ?

ಪ್ರಾಂಪ್ಟರ್
ನಾಟಕ ಬದಲಿಸಿ. ಮಳೆಗಾಲದಲ್ಲಿ ಚೆಕಾಫ್ ನೋಡಲು ಯಾರು ಬರುತ್ತಾರೆ?

ಎರಡನೇ_ಸಾಲು
ಮಳೆಗಾಲವೇ ಸರಿ. ಎರಡನೇ ಅಂಕದಲ್ಲಿ ಗುಡುಗು ಮಳೆ ಇದೆ, ಶಬ್ದದ ಖರ್ಚು ಉಳಿಯುತ್ತದೆ.

ಹಳೇ_ಪರದೆ
ನಾನು ಕಂಪನಿ ನಾಟಕದವರ ಮನೆಯಲ್ಲಿ ಬೆಳೆದವನು. ನಮ್ಮ ದೊಡ್ಡಮ್ಮ ಶೋಕದ ಪಾತ್ರಗಳಿಗೆ ಹೆಸರಾಗಿದ್ದರು. ಮಗ ಸತ್ತ ತಾಯಿಯಾಗಿ ಅವರು ಹಾಡಿದರೆ ನೆಲದ ಮೇಲೆ ಕುಳಿತ ಹೆಂಗಸರು ಸೆರಗಿನಿಂದ ಕಣ್ಣು ಒರೆಸುತ್ತಿದ್ದರು. ದೊಡ್ಡಮ್ಮ ಮಾತ್ರ ಹಾಡಿನ ನಡುವೆಯೇ ಪರದೆಯ ಪಕ್ಕದಲ್ಲಿ ನಿಂತ ನಮ್ಮ ಕಡೆ ತಿರುಗಿ, ಗಲ್ಲಾಪೆಟ್ಟಿಗೆ ಎಷ್ಟಾಯಿತು ಎಂದು ಕಣ್ಣಿನಲ್ಲೇ ಕೇಳುತ್ತಿದ್ದರು. ಶ್ರುತಿ ಒಂದು ಎಳೆ ಜಾರುತ್ತಿರಲಿಲ್ಲ. ನಟಿ ಅತ್ತರೆ ಜನ ಯಾಕೆ ಅಳಬೇಕು ಸ್ವಾಮಿ? ಅವರ ಪಾಲಿನದನ್ನೂ ಅವಳೇ ಅತ್ತು ಮುಗಿಸಿಬಿಟ್ಟಳಲ್ಲ.

ಮಲೆನಾಡ_ರಂಗ
ಹಳೇ_ಪರದೆಯವರೇ, ದೊಡ್ಡಮ್ಮನವರಿಗೆ ನಮಸ್ಕಾರ. ಆದರೆ ಅದು ಹಾಡಿನ ನಾಟಕ. ಚೆಕಾಫ್‌ನಲ್ಲಿ ಹಾರ್ಮೋನಿಯಂ ಇಲ್ಲ. ಅಲ್ಲಿ ಒಳಗಿನ ಸತ್ಯವಿಲ್ಲದಿದ್ದರೆ ಏನೂ ಉಳಿಯುವುದಿಲ್ಲ. ಸ್ತಾನಿಸ್ಲಾವ್‌ಸ್ಕಿ ತನ್ನ ನಟನಾ ಪದ್ಧತಿಯನ್ನು ಕಟ್ಟಿದ್ದೇ ಚೆಕಾಫ್ ನಾಟಕಗಳಿಗಾಗಿ.

ಪುಸ್ತಕದ_ಹುಳು
ಇಲ್ಲಿ ಒಂದು ತಿದ್ದುಪಡಿ ಬೇಕು. ಸ್ತಾನಿಸ್ಲಾವ್‌ಸ್ಕಿಯ ಮಾಸ್ಕೋ ಆರ್ಟ್ ಥಿಯೇಟರ್ ಚೆಕಾಫ್‌ನ ‘ಸೀಗಲ್’ ಆಡಿದ್ದು 1898ರ ಡಿಸೆಂಬರಿನಲ್ಲಿ, ‘ವಾನ್ಯಾ ಮಾಮ’ 1899ರ ಅಕ್ಟೋಬರಿನಲ್ಲಿ, ‘ತ್ರೀ ಸಿಸ್ಟರ್ಸ್’ 1901ರಲ್ಲಿ, ‘ಚೆರ್ರಿ ಆರ್ಚರ್ಡ್’ 1904ರ ಜನವರಿಯಲ್ಲಿ. ಅದೇ ವರ್ಷ ಬೇಸಿಗೆಯಲ್ಲಿ ಚೆಕಾಫ್ ತೀರಿಕೊಂಡ. ಸ್ತಾನಿಸ್ಲಾವ್‌ಸ್ಕಿಗೆ ತನ್ನ ನಟನೆ ಯಾಂತ್ರಿಕವಾಗಿದೆ ಎಂಬ ಕಳವಳ ಹತ್ತಿ, ಫಿನ್‌ಲೆಂಡಿನಲ್ಲಿ ಕುಳಿತು ಪದ್ಧತಿಯ ಬಗ್ಗೆ ಯೋಚಿಸತೊಡಗಿದ್ದು 1906ರಲ್ಲಿ. ಅಂದರೆ ನಾವು ಇಂದಿಗೂ ಮಾದರಿ ಎನ್ನುವ ನಾಲ್ಕೂ ಪ್ರಯೋಗಗಳು ಪದ್ಧತಿ ಹುಟ್ಟುವ ಮೊದಲೇ ಆಗಿಹೋಗಿದ್ದವು. ಆಗ ಆತ ನಟರಿಗೆ ಭಾವಸ್ಮರಣೆ ಮಾಡಿಸುತ್ತಿರಲಿಲ್ಲ. ಯಾರು ಎಲ್ಲಿ ಕೂರಬೇಕು, ಎಲ್ಲಿ ತಡೆಯಬೇಕು, ಯಾವಾಗ ಕಪ್ಪೆ ವಟಗುಟ್ಟಬೇಕು ಎಂದು ಪ್ರತಿಯ ತುಂಬ ಬರೆದುಕೊಂಡು ಬರುತ್ತಿದ್ದ.

‘ಸೀಗಲ್’ಗೆ ಆದ ತಾಲೀಮು ಸುಮಾರು 80 ಗಂಟೆ. ಆ ಕಾಲದ ಲೆಕ್ಕಕ್ಕೆ ಅದು ದೊಡ್ಡದು, ಆದರೂ ಸಾಲದು ಎಂದೇ ಆತನಿಗೆ ಅನಿಸಿತ್ತು. ಮೊದಲ ಪ್ರಯೋಗದ ದಿನ ಎಲ್ಲ ನಟರ ಮೈಯಿಂದ ನರಗಳನ್ನು ತಣಿಸುವ ವಲೇರಿಯನ್ ಹನಿಯ ವಾಸನೆ ಬರುತ್ತಿತ್ತು ಎಂದು ಆತನೇ ಬರೆದುಕೊಂಡಿದ್ದಾನೆ. ಎರಡು ವರ್ಷಗಳ ಹಿಂದೆ ಪೀಟರ್ಸ್‌ಬರ್ಗಿನಲ್ಲಿ ಇದೇ ನಾಟಕ ಬಿದ್ದು ಹೋಗಿತ್ತು, ಭಯ ಇಲ್ಲದೆ ಇರುತ್ತದೆಯೇ?

ಚೌಕಿಮನೆ
ವಲೇರಿಯನ್! ನಮ್ಮ ಚೌಕಿಯಲ್ಲಿ ಕಷಾಯ ಸಾಕಾಗುತ್ತದೆ.

ಸಂಶಯಪಿಶಾಚಿ
ನನಗೆ ಬೇರೆಯೇ ಪ್ರಶ್ನೆ. ‘ಭಾವದ ಸತ್ಯ’ ಎಂದರೆ ಏನು? ಯಾರ ಸತ್ಯ? ಉದಾಹರಣೆಗೆ ನಟಿಯ ಅಜ್ಜಿ ಸತ್ತಿದ್ದರೆ ಆ ದುಃಖ ನಟಿಯದೇ, ಸೋನ್ಯಾಳದು ಹೇಗಾಗುತ್ತದೆ? ಆ ದೃಶ್ಯದಲ್ಲಿ ಸೋನ್ಯಾಗೆ ಯಾರೂ ಸತ್ತಿಲ್ಲ. ಅವಳು ಪ್ರೀತಿಸಿದ ಮನುಷ್ಯ ಚಹಾ ಕುಡಿಯದೆ ವೊಡ್ಕಾ ಕುಡಿದು, ಕುದುರೆಯ ಕಾಲಿನ ಬಗ್ಗೆ ಮಾತಾಡಿ ಹೊರಟುಹೋದ. ಇದು ಸಾವಿನ ದುಃಖವೇ? ನೀವು ಹಾಕಿಸಿರುವುದು ಬೇರೆಯವರ ಅಳತೆಯ ಅಂಗಿ.

ವೋಲ್ಗಾ_ದಂಡೆ
ಸಂಶಯಪಿಶಾಚಿಯವರ ಮಾತು ಗುರಿಗೆ ಹತ್ತಿರವಿದೆ. ಸೋವಿಯತ್ ಕಾಲದ ಕೊನೆಯಲ್ಲಿ ನಾನು ಮಾಸ್ಕೋದ ಒಂದು ನಾಟಕ ಶಾಲೆಯಲ್ಲಿ ಓದಿದವನು, ಹೆಸರು ಬೇಡ. ಅಲ್ಲಿ ನಾಲ್ಕು ವರ್ಷದ ಶಿಕ್ಷಣ. ಮೊದಲ ವರ್ಷ ಚೆಕಾಫ್ ಇರಲಿ, ಯಾವ ನಾಟಕದ ಮಾತನ್ನೂ ಬಾಯಿಗೆ ಕೊಡುವುದಿಲ್ಲ. ಇಲ್ಲದ ಸೂಜಿಗೆ ಇಲ್ಲದ ದಾರ ಪೋಣಿಸು. ಇಲ್ಲದ ಸ್ಟವ್ ಹಚ್ಚಿ ಇಲ್ಲದ ಹಾಲು ಕಾಯಿಸು, ಉಕ್ಕದ ಹಾಗೆ ನೋಡಿಕೋ. ಮೃಗಾಲಯಕ್ಕೆ ಹೋಗಿ ಒಂದು ಪ್ರಾಣಿಯನ್ನು ಹಿಡಿದುಕೊಂಡು ಬಾ. ಕಜಾನ್ ರೈಲು ನಿಲ್ದಾಣದಲ್ಲಿ ಕುಳಿತು ಒಬ್ಬ ಪ್ರಯಾಣಿಕನನ್ನು ನೋಡಿಕೊಂಡು ಬಂದು ತೋರಿಸು. ಇದರ ಜೊತೆಗೆ ಕತ್ತಿವರಸೆ, ನೃತ್ಯ, ರಂಗಮಾತು. ನಾನು ತೋರಿಸಿದ ಮುದುಕನನ್ನು ನೋಡಿ ಗುರುಗಳು ಕೇಳಿದ್ದು ಒಂದೇ: ಅವನು ಯಾವ ರೈಲಿಗೆ ಕಾಯುತ್ತಿದ್ದ? ನನಗೆ ಗೊತ್ತಿರಲಿಲ್ಲ. ವಾಪಸ್ ಕಳುಹಿಸಿದರು.

ನಾಲ್ಕು ವರ್ಷದಲ್ಲಿ ಯಾರೊಬ್ಬರೂ ‘ನಿನ್ನ ತಾಯಿ ಸತ್ತದ್ದನ್ನು ನೆನೆಸಿಕೋ’ ಎಂದು ನನಗೆ ಹೇಳಲಿಲ್ಲ. ಕೇಳುತ್ತಿದ್ದದ್ದು: ನೀನು ಯಾರು, ಎಲ್ಲಿಂದ ಬಂದೆ, ಇಲ್ಲಿ ಏನು ಮಾಡುತ್ತಿದ್ದೀಯ, ಎದುರಿಗಿರುವವನಿಂದ ನಿನಗೆ ಏನು ಆಗಬೇಕು, ಅವನು ಕೊಡದಿದ್ದರೆ ಮುಂದೇನು. ಭಾವದ ಮಾತು ತೆಗೆದರೆ ಗದರುತ್ತಿದ್ದರು. ‘ನಾನು ದುಃಖದಲ್ಲಿದ್ದೇನೆ’ ಎಂದು ಹೇಳಿದ ಹುಡುಗಿಗೆ ‘ಸರಿ, ಅದನ್ನು ಆಡಿ ತೋರಿಸು ನೋಡೋಣ’ ಎಂದರು. ಅವಳು ಭುಜ ಇಳಿಸಿ ನಿಂತಳು. ಇಡೀ ತರಗತಿ ನಕ್ಕಿತು.

ಮಲೆನಾಡ_ರಂಗ
ಅಂದರೆ ಭಾವಸ್ಮರಣೆ ಸ್ತಾನಿಸ್ಲಾವ್‌ಸ್ಕಿಯದಲ್ಲ ಎನ್ನುತ್ತೀರಾ? ಪುಸ್ತಕದಲ್ಲಿ ಒಂದು ಇಡೀ ಅಧ್ಯಾಯವೇ ಇದೆ ಸರ್.

ಪುಸ್ತಕದ_ಹುಳು
ಇದೆ. ಫ್ರೆಂಚ್ ಮನಶ್ಶಾಸ್ತ್ರಜ್ಞ ರಿಬೋನಿಂದ ಆತ ಆ ವಿಚಾರವನ್ನು ಪಡೆದ. 1912ರಲ್ಲಿ ಆರಂಭವಾದ, ಆರ್ಟ್ ಥಿಯೇಟರಿನ ತರಬೇತಿ ಶಾಖೆಯಾದ ಫಸ್ಟ್ ಸ್ಟುಡಿಯೋದಲ್ಲಿ ಅದನ್ನು ಬಹಳ ಉತ್ಸಾಹದಿಂದ ಮಾಡಿಸುತ್ತಿದ್ದರು. ಅಲ್ಲಿದ್ದ ಬೊಲೆಸ್ಲಾವ್‌ಸ್ಕಿ, ಉಸ್ಪೆನ್‌ಸ್ಕಾಯಾ ಮುಂದೆ ಅಮೆರಿಕದಲ್ಲಿ ಕಲಿಸಿದರು. ಅವರಲ್ಲಿ ಕಲಿತ ಲೀ ಸ್ಟ್ರಾಸ್‌ಬರ್ಗ್ ಅದನ್ನೇ ಬೆಳೆಸಿ ಜಗತ್ತಿಗೆಲ್ಲ ಹಂಚಿದ. ಮಾಸ್ಕೋದಲ್ಲಿ ಈ ನಡುವೆ ಗಾಳಿ ಬದಲಾಗಿತ್ತು. 1934ರಲ್ಲಿ ನಟಿ ಸ್ಟೆಲ್ಲಾ ಆಡ್ಲರ್ ಪ್ಯಾರಿಸಿನಲ್ಲಿ ಸ್ತಾನಿಸ್ಲಾವ್‌ಸ್ಕಿಯನ್ನೇ ಕಂಡು ಕೆಲವು ವಾರ ಕಲಿತು, ನ್ಯೂಯಾರ್ಕಿಗೆ ಮರಳಿ, ಆತ ಈಗ ಒತ್ತು ಕೊಡುವುದು ಪಾತ್ರದ ಸನ್ನಿವೇಶಕ್ಕೆ, ಕಲ್ಪನೆಗೆ, ಕ್ರಿಯೆಗೆ ಎಂದಳು. ಸ್ಟ್ರಾಸ್‌ಬರ್ಗ್ ಒಪ್ಪಲಿಲ್ಲ. ಆ ಜಗಳ ಇನ್ನೂ ಮುಗಿದಿಲ್ಲ. ಈ ಚರ್ಚೆಯಲ್ಲಿಯೇ ನೋಡಿ.

ನಟರ ನಡುವೆ ಓಡಾಡುವ ಒಂದು ಕಥೆಯೂ ಇದೆ. ಚೆಕಾಫ್‌ನ ಅಣ್ಣನ ಮಗ ಮಿಖಾಯಿಲ್ ಚೆಕಾಫ್ ಅದೇ ಸ್ಟುಡಿಯೋದಲ್ಲಿ ತನ್ನ ತಂದೆಯ ಶವಸಂಸ್ಕಾರವನ್ನು ಆಡಿ ತೋರಿಸಿದನಂತೆ. ಸ್ತಾನಿಸ್ಲಾವ್‌ಸ್ಕಿ ಕರಗಿ ತಬ್ಬಿಕೊಂಡನಂತೆ. ಆಮೇಲೆ ತಿಳಿದದ್ದು, ತಂದೆ ಆರೋಗ್ಯವಾಗಿ ಮನೆಯಲ್ಲಿದ್ದಾರೆ! ಹುಡುಗನನ್ನು ತರಗತಿಯಿಂದ ಹೊರಗೆ ಹಾಕಿದರಂತೆ.

ಸಂಶಯಪಿಶಾಚಿ
ಹೊರಗೆ ಹಾಕಬೇಕಾಗಿದ್ದದ್ದು ಗುರುವನ್ನು. ಹುಡುಗ ಗೆದ್ದಿದ್ದ.

ಆಪ್ತಸಲಹೆ
ನಾನು ನಾಟಕದವಳಲ್ಲ, ಆಪ್ತಸಮಾಲೋಚಕಿ. ಮೂಲ ಪ್ರಶ್ನೆಯಲ್ಲಿ ಒಂದು ಸಾಲು ನೋಡಿ ಬೆಚ್ಚಿಬಿದ್ದೆ: ‘ನಿನ್ನ ಬದುಕಿನ ಒಂದು ಸಾವನ್ನು ನೆನೆಸಿಕೋ’. ಪ್ರತಿ ಸಂಜೆಯೂ ಇದನ್ನು ಮಾಡಿಸುತ್ತಿದ್ದೀರಾ? ತಾಲೀಮು ಮುಗಿದ ಮೇಲೆ ಆ ಹುಡುಗಿ ಮನೆಗೆ ಒಬ್ಬಳೇ ಹೋಗುತ್ತಾಳೆಯೇ? ಯಾರಾದರೂ ಅವಳೊಡನೆ ಮಾತಾಡುತ್ತೀರಾ? ಹಸಿ ಗಾಯವನ್ನು ದಿನವೂ ಮುಟ್ಟುವುದಕ್ಕೆ ನಮ್ಮ ವೃತ್ತಿಯಲ್ಲಿ ತರಬೇತಿ, ಮೇಲ್ವಿಚಾರಣೆ ಎಲ್ಲ ಇರುತ್ತವೆ. ಇನ್ನೊಂದು ಮಾತು: ಒಂದೇ ನೆನಪನ್ನು ಮತ್ತೆ ಮತ್ತೆ ಕರೆದರೆ ಅದರ ತೀವ್ರತೆ ಇಳಿಯುತ್ತಾ ಹೋಗುವುದುಂಟು. ಹತ್ತನೇ ಪ್ರಯೋಗಕ್ಕೆ ಏನು ಮಾಡುತ್ತೀರಿ, ಇನ್ನೊಂದು ಸಾವು ಹುಡುಕುತ್ತೀರಾ?

ಕೊನೆಯ_ಅಂಕ
ನಮಸ್ಕಾರ. ಆ ಸೋನ್ಯಾ ನಾನೇ.

ಸರ್, ಇದನ್ನು ಮೊದಲು ನನ್ನ ಮುಂದೆ ಹೇಳಬಹುದಿತ್ತು. ಇಡೀ ಊರಿಗೆ ಹೇಳಿದ ಮೇಲೆ ನನಗೆ ಗೊತ್ತಾಗಬೇಕೇ? ಅಜ್ಜಿಯನ್ನು ನೆನೆಸಿಕೋ ಎಂದಿರಿ, ನೆನೆಸಿಕೊಂಡೆ. ಇನ್ನೂ ಆಳಕ್ಕೆ ಹೋಗು ಎಂದಿರಿ, ಹೋದೆ. ಈಗ ಜನ ಗಡಿಯಾರ ನೋಡಿದರು ಎಂದು ನನ್ನ ಅಳುವನ್ನು ಇಲ್ಲಿ ಹರಡಿದ್ದೀರಿ. ಒಂದು ವಿಷಯ ಹೇಳುತ್ತೇನೆ, ಆ ಹೊತ್ತಿನಲ್ಲಿ ನನಗೆ ಮಾಮನ ಪಾತ್ರ ಮಾಡುವ ಅಣ್ಣ ಕಾಣಿಸುವುದೇ ಇಲ್ಲ. ಅಜ್ಜಿಯ ಮಂಚ ಕಾಣಿಸುತ್ತದೆ. ಅವರು ಏನು ಮಾಡುತ್ತಿದ್ದಾರೆ ಎಂದು ಕೇಳಿದರೆ ಹೇಳಲಾರೆ.

ಆಪ್ತಸಲಹೆ ಮೇಡಂ, ಕೇಳಿದ್ದಕ್ಕೆ ಧನ್ಯವಾದ. ತಮ್ಮ ಬಂದು ಕರೆದುಕೊಂಡು ಹೋಗುತ್ತಾನೆ.

ವೋಲ್ಗಾ_ದಂಡೆ
ತಾಯಿ, ಉತ್ತರ ನೀವೇ ಕೊಟ್ಟಿರಿ. ಮಾಮ ಕಾಣಿಸುವುದಿಲ್ಲ ಎಂದಿರಲ್ಲ, ಅಲ್ಲಿಗೆ ದೃಶ್ಯ ನಿಂತುಹೋಯಿತು. ನೋಡುವವರಿಗೆ ಒಬ್ಬಳು ಒಳಗೆ ಹೋಗಿ ಬಾಗಿಲು ಹಾಕಿಕೊಂಡದ್ದು ಮಾತ್ರ ಕಾಣುತ್ತದೆ.

ಮಲೆನಾಡ_ರಂಗ
ನಿನ್ನ ಹೆಸರನ್ನು ನಾನು ಎಲ್ಲಿಯೂ ಹಾಕಿಲ್ಲ. ಪ್ರಶ್ನೆ ಕೇಳಿದ್ದು ದೃಶ್ಯದ ಬಗ್ಗೆ, ನಿನ್ನ ಬಗ್ಗೆ ಅಲ್ಲ. ನಾಳೆ ತಾಲೀಮಿನಲ್ಲಿ ಮಾತಾಡೋಣ.

ಪ್ರಾಂಪ್ಟರ್
ನಾಟಕಕ್ಕಿಂತ ಈ ಚರ್ಚೆಯೇ ಚೆನ್ನಾಗಿದೆ. ಟಿಕೆಟ್ ಇಡಿ.

ಚೌಕಿಮನೆ
ನಮ್ಮಲ್ಲಿ ಇದಕ್ಕೆಲ್ಲ ಎಂದೋ ಉತ್ತರ ಇದೆ. ನಾಟ್ಯಶಾಸ್ತ್ರದ ಸಾತ್ತ್ವಿಕ ಅಭಿನಯ ಏನು ಮತ್ತೆ? ಸ್ತಂಭ, ಸ್ವೇದ, ರೋಮಾಂಚ, ಸ್ವರಭೇದ, ವೇಪಥು, ವೈವರ್ಣ್ಯ, ಅಶ್ರು, ಪ್ರಲಯ, ಎಂಟನ್ನೂ ಭರತ ಹೇಳಿದ್ದಾನೆ. ಮನಸ್ಸು ಏಕಾಗ್ರವಾದರೆ ಸತ್ತ್ವ ಹುಟ್ಟುತ್ತದೆ, ಕಣ್ಣೀರು ತಾನಾಗಿ ಬರುತ್ತದೆ. ರಷ್ಯಾದವರ ಹತ್ತಿರ ಕಲಿಯಲು ಏನಿದೆ?

ಎರಡನೇ_ಸಾಲು
ಭರತನ ಗುರಿ ರಸ, ಇಲ್ಲಿ ಕೇಳುತ್ತಿರುವುದು ಬೇರೆ. ನೀವು ದಮಯಂತಿಯ ವಿರಹವನ್ನು ಬೆಳಗಿನ ಜಾವದವರೆಗೆ ಬೆಳೆಸಬಹುದು, ಭಾಗವತರ ಪದ ನಿಮ್ಮ ಹಿಂದೆ ಇದೆ. ಚೆಕಾಫ್‌ನ ಪಾತ್ರಕ್ಕೆ ದುಃಖ ಬಂದಾಗ ಅದು ಎಣ್ಣೆಯ ಲೆಕ್ಕ ಬರೆಯುತ್ತದೆ. ವಾನ್ಯಾನ ಮಾತು ನೋಡಿ: ಫೆಬ್ರುವರಿ ಎರಡು, ಉಪವಾಸದ ಎಣ್ಣೆ ಇಪ್ಪತ್ತು ಪೌಂಡು, ಹದಿನಾರು, ಮತ್ತೆ ಎಣ್ಣೆ ಇಪ್ಪತ್ತು ಪೌಂಡು. ಇದಕ್ಕೆ ಯಾವ ಸಾತ್ತ್ವಿಕ ಭಾವ ತೋರಿಸುತ್ತೀರಿ?

ಚೌಕಿಮನೆ
ಎಣ್ಣೆಗೂ ತೋರಿಸಬಹುದು. ಅರ್ಥಧಾರಿಗೆ ಬಿಟ್ಟರೆ ಒಂದು ಗಂಟೆ ಮಾತಾಡುತ್ತಾನೆ.

ಎರಡನೇ_ಸಾಲು
ಅದೇ ಭಯ.

ಪುಸ್ತಕದ_ಹುಳು
ಸ್ವತಃ ಚೆಕಾಫ್ ನಟರಿಗೆ ಏನು ಹೇಳುತ್ತಿದ್ದ ಎನ್ನುವುದನ್ನು ಯಾರೂ ಎತ್ತಲಿಲ್ಲ. ಮುಂದೆ ಅವನ ಹೆಂಡತಿಯಾದ ನಟಿ ಓಲ್ಗಾ ಕ್ನಿಪ್ಪರ್ ಆಗ ‘ವಾನ್ಯಾ ಮಾಮ’ದಲ್ಲಿ ಯೆಲೆನಾ ಪಾತ್ರಕ್ಕೆ ತಯಾರಾಗುತ್ತಿದ್ದಳು. ಕೊನೆಯ ಅಂಕದಲ್ಲಿ ಅಸ್ತ್ರೋವ್ ಮುಳುಗುವವನು ಹುಲ್ಲುಕಡ್ಡಿ ಹಿಡಿಯುವಂತೆ ಯೆಲೆನಾಳನ್ನು ಹಿಡಿಯುತ್ತಾನೆ ಎಂಬ ಅರ್ಥದಲ್ಲಿ ಸ್ತಾನಿಸ್ಲಾವ್‌ಸ್ಕಿ ಆ ಪಾತ್ರ ಮಾಡುತ್ತಿದ್ದ. ಅವಳು ಇದನ್ನು ಬರೆದಾಗ 1899ರ ಸೆಪ್ಟೆಂಬರಿನಲ್ಲಿ ಯಾಲ್ಟಾದಿಂದ ಚೆಕಾಫ್ ಉತ್ತರಿಸಿದ: ಅದು ಪೂರ್ತಿ ತಪ್ಪು. ಅಸ್ತ್ರೋವ್‌ಗೆ ಅವಳ ಚೆಲುವು ಹಿಡಿಸಿದೆ, ಆದರೆ ಇನ್ನು ಏನೂ ಆಗುವುದಿಲ್ಲ ಎಂದು ಅವನಿಗೆ ಗೊತ್ತು. ಗೋಡೆಯ ನಕ್ಷೆ ನೋಡುತ್ತಾ ಆಫ್ರಿಕಾದ ಸೆಕೆಯ ಬಗ್ಗೆ ಆಡುವ ದನಿಯಲ್ಲೇ ಅವಳೊಡನೆಯೂ ಮಾತಾಡುತ್ತಾನೆ. ಮುತ್ತು ಕೊಡುವುದೂ ಸುಮ್ಮನೆ, ಮಾಡಲು ಬೇರೆ ಕೆಲಸವಿಲ್ಲದೆ.

1901ರ ಜನವರಿಯಲ್ಲಿ ‘ತ್ರೀ ಸಿಸ್ಟರ್ಸ್’ನ ಮಾಷಾ ಪಾತ್ರದ ಬಗ್ಗೆ ಅವಳಿಗೇ ಬರೆದದ್ದು ಇನ್ನೂ ಖಚಿತ. ಯಾವ ಅಂಕದಲ್ಲಿಯೂ ಮುಖ ಸಪ್ಪೆ ಮಾಡಿಕೊಳ್ಳಬೇಡ. ಸಿಟ್ಟು ಇರಲಿ, ದುಃಖ ಬೇಡ. ಬಹುಕಾಲದಿಂದ ದುಃಖವನ್ನು ಹೊತ್ತು ರೂಢಿಯಾದವರು ಸಿಳ್ಳೆ ಹಾಕುತ್ತಾರೆ, ಆಗಾಗ ಯೋಚನೆಯಲ್ಲಿ ಮುಳುಗುತ್ತಾರೆ, ಅಷ್ಟೇ.

ಸ್ತಾನಿಸ್ಲಾವ್‌ಸ್ಕಿ ಅಸ್ತ್ರೋವ್ ಪಾತ್ರದ ಬಗ್ಗೆ ಕೇಳಿದಾಗಲೂ ಸಿಕ್ಕಿದ್ದು ಇದೇ ಬಗೆಯ ಉತ್ತರ: ವಾನ್ಯಾ ಅಳುತ್ತಾನೆ, ಅಸ್ತ್ರೋವ್ ಸಿಳ್ಳೆ ಹಾಕುತ್ತಾನೆ. ವಾನ್ಯಾ ಬಗ್ಗೆ ಕೇಳಿದರೆ ಅವನ ಟೈ ಸೊಗಸಾಗಿರುತ್ತದೆ ಎಂದ. ಜಮೀನು ನೋಡಿಕೊಳ್ಳುವವನು ಎಂದು ಬೂಟು ಹಾಕಿಸಿ ಒರಟು ಮಾಡಲು ಹೊರಟಿದ್ದವರಿಗೆ ಒಂದು ಟೈ ಸಾಕಾಯಿತು. ನಟನಿಗೆ ನಿಜವಾಗಿ ಉಪಯೋಗಕ್ಕೆ ಬರುವ ಸೂಚನೆ ಎಂದರೆ ಇಂಥದು.

ಹಳೇ_ಪರದೆ
ಸಿಳ್ಳೆಯ ಮಾತು ಒಪ್ಪಿದೆ. ನಮ್ಮ ದೊಡ್ಡಮ್ಮ ತಮ್ಮ ಗಂಡ ಸತ್ತ ದಿನ ಅಕ್ಕಿ ಆರಿಸುತ್ತಾ ಕುಳಿತಿದ್ದರು.

ಕೊನೆಯ_ಅಂಕ
ಎಲ್ಲ ಸರಿ. ಆದರೆ ನನ್ನ ಪ್ರತಿಯಲ್ಲಿ ಸೋನ್ಯಾಳ ಮಾತಿನ ನಡುವೆ ಕಂಸದಲ್ಲಿ ಸ್ಪಷ್ಟವಾಗಿ ‘ಕಣ್ಣೀರಿನ ನಡುವೆ’ ಎಂದು ಬರೆದಿದೆ. ಬರೆದವನು ಚೆಕಾಫ್ ತಾನೇ? ಅವನೇ ಅಳು ಎಂದರೆ ನಾನು ಸಿಳ್ಳೆ ಹಾಕಲೇ?

ಸಂಶಯಪಿಶಾಚಿ
ಭಲೇ. ಇದಕ್ಕೆ ಉತ್ತರ ಕೊಡಿ, ಪಂಡಿತರೇ.

ಪುಸ್ತಕದ_ಹುಳು
ಕೊಡುತ್ತೇನೆ. 1903ರ ಅಕ್ಟೋಬರಿನಲ್ಲಿ ‘ಚೆರ್ರಿ ಆರ್ಚರ್ಡ್’ ಸಂದರ್ಭದಲ್ಲಿ ಆರ್ಟ್ ಥಿಯೇಟರಿನ ಇನ್ನೊಬ್ಬ ಸ್ಥಾಪಕ ನೆಮಿರೊವಿಚ್-ದಾನ್ಚೆಂಕೊಗೆ ಬರೆದ ಪತ್ರದಲ್ಲಿ ಚೆಕಾಫ್ ಇದನ್ನೇ ಬಿಡಿಸಿ ಹೇಳಿದ್ದಾನೆ. ತನ್ನ ನಾಟಕದಲ್ಲಿ ‘ಕಣ್ಣೀರಿನ ನಡುವೆ’ ಎಂದು ಆಗಾಗ ಬರುತ್ತದೆ, ಆದರೆ ಅದು ಮುಖದ ಮೇಲಿನ ಮನಃಸ್ಥಿತಿಯನ್ನು ಸೂಚಿಸುತ್ತದೆ, ಕಣ್ಣೀರನ್ನಲ್ಲ ಎಂದು. ನಿಮ್ಮ ಪ್ರತಿಯಲ್ಲಿ ಅದಕ್ಕಿಂತ ಸ್ವಲ್ಪ ಮೇಲೆ ನೋಡಿ. ಮೊಣಕಾಲೂರಿ ತಲೆಯನ್ನು ಮಾಮನ ಕೈಗಳ ಮೇಲಿಟ್ಟು ‘ನಾವು ವಿಶ್ರಮಿಸುತ್ತೇವೆ’ ಎನ್ನುವಾಗ ಇರುವ ಸೂಚನೆ ‘ದಣಿದ ದನಿಯಲ್ಲಿ’ ಎಂದು. ಅನುವಾದದಲ್ಲಿ ಬಿಟ್ಟಿದ್ದರೆ ಸೇರಿಸಿಕೊಳ್ಳಿ.

ಕೊನೆಯ_ಅಂಕ
ಇದೆ. ‘ದಣಿದ ದನಿಯಲ್ಲಿ’ ಇದೆ. ಇದರ ಬಗ್ಗೆ ಯಾರೂ ನನಗೆ ಹೇಳಿರಲಿಲ್ಲ.

ವೋಲ್ಗಾ_ದಂಡೆ
ಈಗ ಕೆಲಸದ ಮಾತಿಗೆ ಬರುತ್ತೇನೆ. ನಮ್ಮ ಶಾಲೆಯಲ್ಲಿ ದೃಶ್ಯ ಕಟ್ಟುತ್ತಿದ್ದ ಕ್ರಮ ಮರಿಯಾ ಕ್ನೇಬೆಲ್ ಅವರ ಕಡೆಯಿಂದ ಬಂದದ್ದು. ಅವರು ಸ್ತಾನಿಸ್ಲಾವ್‌ಸ್ಕಿ 1938ರಲ್ಲಿ ತೀರಿಕೊಳ್ಳುವ ಮುಂಚಿನ ವರ್ಷಗಳಲ್ಲಿ ಅವನ ಕೊನೆಯ ಸ್ಟುಡಿಯೋದಲ್ಲಿ ಜೊತೆಗೆ ಕೆಲಸ ಮಾಡಿದವರು. ಮಾಸ್ಕೋ ಆರ್ಟ್ ಥಿಯೇಟರಿನಿಂದ ಅವರನ್ನು 1950ರಲ್ಲಿ ಹೊರಗೆ ಕಳುಹಿಸಿದ ಮೇಲೆ ಮಕ್ಕಳ ರಂಗಮಂದಿರಕ್ಕೆ ಹೋದರು, ಮುಂದೆ ಕಲಿಸಿದರು. ಎಫ್ರೋಸ್, ವಸೀಲಿಯೆವ್‌ರಂಥ ನಿರ್ದೇಶಕರು ಅವರ ಶಿಷ್ಯರು.

ಕ್ರಮ ಹೀಗೆ. ದೃಶ್ಯವನ್ನು ಓದಿ, ಏನೇನು ನಡೆಯುತ್ತದೆ ಎಂದು ಘಟನೆಗಳನ್ನು ಮಾತ್ರ ಹೇಳಿ. ಆಮೇಲೆ ಪುಸ್ತಕ ಮುಚ್ಚಿ, ಎದ್ದು ನಿಂತು, ನಿಮ್ಮ ಸ್ವಂತ ಮಾತಿನಲ್ಲಿ ಆಡಿ. ಕುಳಿತುಕೊಂಡು ಪುಸ್ತಕ ತೆರೆದು, ನಾವು ಏನನ್ನು ಬಿಟ್ಟೆವು ಎಂದು ನೋಡಿ. ಮತ್ತೆ ಆಡಿ. ಚೆಕಾಫ್‌ನ ಮಾತು ಬೇಕೇಬೇಕು ಎನಿಸುವವರೆಗೆ ಬಾಯಿಪಾಠ ಬೇಡ. ಇಡೀ ತಿಂಗಳು ಮೇಜಿನ ಸುತ್ತ ಕುಳಿತು ಚರ್ಚಿಸುವ ಚಟಕ್ಕೆ ಇದು ಮದ್ದು.

ನಿಮ್ಮ ದೃಶ್ಯಕ್ಕೆ ಹಚ್ಚಿ ನೋಡಿ. ನಾಲ್ಕನೇ ಅಂಕದ ಆರಂಭದಲ್ಲಿ ಏನಾಗಿದೆ? ಹಿಂದಿನ ಅಂಕದಲ್ಲಿ ಪ್ರೊಫೆಸರ್ ಮೇಲೆ ಎರಡು ಸಲ ಗುಂಡು ಹಾರಿಸಿ ಗುರಿ ತಪ್ಪಿದ ವಾನ್ಯಾ ಈಗ ಅಸ್ತ್ರೋವ್‌ನ ಔಷಧದ ಪೆಟ್ಟಿಗೆಯಿಂದ ಮಾರ್ಫಿನ್ ಶೀಶೆ ಕದ್ದಿದ್ದಾನೆ. ಯಾರಿಂದಲೂ ಆಗದ್ದು ಸೋನ್ಯಾಳಿಂದ ಆಗುತ್ತದೆ, ಅವಳು ಕೇಳಿ ವಾಪಸ್ ಕೊಡಿಸುತ್ತಾಳೆ. ಅಂದರೆ ಕೊನೆಯ ಮಾತಿನ ಹೊತ್ತಿಗೆ ಅವಳೆದುರು ಕುಳಿತಿರುವ ಮನುಷ್ಯ ಅದೇ ದಿನ ಸಾಯಲು ಹೊರಟಿದ್ದವನು. ಶೀಶೆಯೊಡನೆ ಡಾಕ್ಟರ್ ಹೋದ. ಮನೆಯಲ್ಲಿ ಉಳಿದವರು ಕಾಲುಚೀಲ ಹೆಣೆಯುವ ಮುದಿ ದಾದಿ, ಪುಸ್ತಿಕೆಯ ಅಂಚಿನಲ್ಲಿ ಟಿಪ್ಪಣಿ ಬರೆಯುವ ಅಜ್ಜಿ, ಗಿಟಾರು ನುಡಿಸುವ ತೆಲೇಗಿನ್. ವಾನ್ಯಾ ‘ನನಗೆ ಎಷ್ಟು ಭಾರವಾಗಿದೆ ಗೊತ್ತೇ’ ಎನ್ನುತ್ತಾನೆ. ಈ ರಾತ್ರಿ ದಾಟಿಸುವುದು ಯಾರ ಕೆಲಸ?

ಸೋನ್ಯಾಗೆ ಅಳಲು ಪುರಸೊತ್ತು ಎಲ್ಲಿದೆ? ಅವಳದೇ ಆಸೆ ಈಗಷ್ಟೇ ಬಂಡಿ ಹತ್ತಿ ಹೋಗಿದೆ. ಅದನ್ನು ಪಕ್ಕಕ್ಕಿಟ್ಟು ಮಾಮನ ಕಣ್ಣೀರು ಒರೆಸುತ್ತಾಳೆ. ದೇವರು, ದೇವದೂತರು, ವಜ್ರದಂಥ ಆಕಾಶ ಎಂದು ಏನೇನೋ ಹೇಳುವುದು ತತ್ತ್ವಕ್ಕಲ್ಲ. ಒಂದು ಮಾತು ಹತ್ತಲಿಲ್ಲ, ಇನ್ನೊಂದು ಹೇಳುತ್ತಾಳೆ. ಅದೂ ಹತ್ತಲಿಲ್ಲ, ಮತ್ತೊಂದು. ಪ್ರತಿ ವಾಕ್ಯ ಮುಗಿದಾಗಲೂ ಮುಖ ನೋಡಬೇಕು: ಹತ್ತಿತೇ? ಇಷ್ಟು ಮಾಡಿ. ಕಣ್ಣೀರು ಬಂದರೆ ಬರಲಿ, ಬಾರದಿದ್ದರೆ ಚಿಂತೆ ಇಲ್ಲ.

ಆಪ್ತಸಲಹೆ
ಮಾರ್ಫಿನ್ ವಿಷಯ ನನಗೆ ಗೊತ್ತಿರಲಿಲ್ಲ. ನನ್ನ ಕೆಲಸದಲ್ಲಿ ಇಂಥ ಕುರ್ಚಿಯ ಎದುರು ಕುಳಿತಿದ್ದೇನೆ. ಅಲ್ಲಿ ಕುಳಿತವರಿಗೆ ತಮ್ಮ ಭಾವದ ಕಡೆ ನೋಡಿಕೊಳ್ಳಲು ಬಿಡುವೇ ಇರುವುದಿಲ್ಲ. ಎದುರಿನವರ ಉಸಿರಾಟವನ್ನು ಗಮನಿಸುತ್ತಿರುತ್ತೇವೆ.

ಸಂಶಯಪಿಶಾಚಿ
ಹಾಗಾದರೆ ಒಳಗಿನದು ಏನೂ ಬೇಡ, ಹೊರಗಿನ ಕೆಲಸ ಮಾಡಿದರೆ ಸಾಕು ಎಂದಾಯಿತು. ಇದನ್ನೇ ರಷ್ಯನ್ ನಿರ್ದೇಶಕ ಮೆಯರ್‌ಹೋಲ್ಡ್ ಹೇಳಿದ್ದ. ಓಡು, ಭಯ ತಾನಾಗಿ ಬರುತ್ತದೆ. ಅವನನ್ನು ಗುಂಡಿಕ್ಕಿ ಕೊಂದರು, ಸ್ತಾನಿಸ್ಲಾವ್‌ಸ್ಕಿಯನ್ನು ಪಠ್ಯಪುಸ್ತಕ ಮಾಡಿದರು.

ಪುಸ್ತಕದ_ಹುಳು
ಮೆಯರ್‌ಹೋಲ್ಡ್‌ನನ್ನು 1940ರ ಫೆಬ್ರುವರಿಯಲ್ಲಿ ಕೊಂದದ್ದು ಅಭಿನಯದ ಸಿದ್ಧಾಂತಕ್ಕಲ್ಲ, ಸ್ಟಾಲಿನ್ ಕಾಲದ ಸುಳ್ಳು ಗೂಢಚಾರಿಕೆಯ ಆರೋಪಕ್ಕೆ. ‘ಸೀಗಲ್’ನ ಮಾಸ್ಕೋದ ಮೊದಲ ಪ್ರಯೋಗದಲ್ಲಿ ತ್ರೆಪ್ಲೇವ್ ಪಾತ್ರ ಮಾಡಿದವನು ಅವನೇ. ಅವನ ರಂಗಮಂದಿರವನ್ನು ಸರ್ಕಾರ ಮುಚ್ಚಿಸಿದಾಗ ಕರೆದು ತನ್ನ ಒಪೆರಾ ರಂಗಮಂದಿರದಲ್ಲಿ ಕೆಲಸ ಕೊಟ್ಟವನು ಮುದಿ ಸ್ತಾನಿಸ್ಲಾವ್‌ಸ್ಕಿ. ಇಬ್ಬರನ್ನೂ ಎರಡು ಪಕ್ಷ ಮಾಡಿ ನಿಲ್ಲಿಸುವುದು ಅರ್ಧ ಸತ್ಯ.

ಒಳಗಿನದು ಬೇಡ ಎಂದೂ ಯಾರೂ ಹೇಳಲಿಲ್ಲ. ಸ್ತಾನಿಸ್ಲಾವ್‌ಸ್ಕಿ ಕೊನೆಯವರೆಗೂ ಅನುಭವಿಸಿ ಆಡುವುದನ್ನೇ ಬಯಸಿದ. ಭಾವವನ್ನು ನೇರವಾಗಿ ಹಿಡಿಯಲು ಹೋದರೆ ತಪ್ಪಿಸಿಕೊಳ್ಳುತ್ತದೆ, ಕೆಲಸ ಕೊಟ್ಟು ಕರೆ ಎಂದ.

ನೇಪಥ್ಯ
ನಾನು ಬೆಳಕು, ಪರಿಕರ ನೋಡಿಕೊಳ್ಳುವವನು. ರಷ್ಯನ್ನರು ಚಹಾಕ್ಕೆ ನೀರು ಕಾಯಿಸುವ ಸಮೋವಾರ್ ಎಲ್ಲಿ ಸಿಗುತ್ತದೆ? ಹಿತ್ತಾಳೆಯ ಹಂಡೆಗೆ ನಲ್ಲಿ ಹಚ್ಚಿಸಿದರೆ ನಡೆಯುತ್ತದೆಯೇ?

ವೋಲ್ಗಾ_ದಂಡೆ
ನಡೆಯುತ್ತದೆ, ಆದರೆ ಅದರಿಂದ ನಿಜವಾಗಿ ಬಿಸಿ ಚಹಾ ಬರಬೇಕು. ಖಾಲಿ ಲೋಟ ಕುಡಿಯುವ ನಟರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ. ಮೊದಲ ಅಂಕದಲ್ಲಿ ಸಮೋವಾರ್ ತಣ್ಣಗಾಗಿದೆ ಎನ್ನುವುದೇ ಆ ಮನೆಯ ಸ್ಥಿತಿ. ಪ್ರೊಫೆಸರ್ ಬಂದ ಮೇಲೆ ಊಟದ ಹೊತ್ತು, ನಿದ್ದೆಯ ಹೊತ್ತು ಎಲ್ಲ ಕೆಟ್ಟಿದೆ ಎಂದು ದಾದಿ ಗೊಣಗುತ್ತಾಳೆ. ಅದನ್ನು ನಟರ ಹೊಟ್ಟೆಗೆ ತಿಳಿಸಿ. ಒಂದು ದಿನ ಊಟದ ಹೊತ್ತು ತಪ್ಪಿಸಿ ತಾಲೀಮು ಇಡಿ.

ಪ್ರಾಂಪ್ಟರ್
ನಮ್ಮ ತಂಡದಲ್ಲಿ ದಿನವೂ ಅದೇ ನಡೆಯುತ್ತದೆ. ನಾವೆಲ್ಲ ರಷ್ಯನ್ನರೇ ಹಾಗಾದರೆ.

ಎರಡನೇ_ಸಾಲು
ಸನ್ನಿವೇಶವನ್ನು ಮೈಗೆ ತಿಳಿಸುವ ವಿಷಯದಲ್ಲಿ ರಷ್ಯನ್ನರು ಬಹಳ ದೂರ ಹೋಗಿದ್ದಾರೆ. ಗೋರ್ಕಿಯ ‘ಲೋವರ್ ಡೆಪ್ತ್ಸ್’ ಆಡುವ ಮೊದಲು 1902ರಲ್ಲಿ ಆರ್ಟ್ ಥಿಯೇಟರಿನವರು ಮಾಸ್ಕೋದ ಖಿತ್ರೋವ್ ಮಾರುಕಟ್ಟೆಯ ಅಗ್ಗದ ತಂಗುದಾಣಗಳಿಗೆ ಹೋಗಿ ಅಲ್ಲಿನ ಅಲೆಮಾರಿಗಳ ಜೊತೆ ಕುಳಿತು ಬಂದಿದ್ದರು. ನಿರ್ದೇಶಕ ಲೇವ್ ದೋದಿನ್ 1977ರಲ್ಲಿ ತಮ್ಮ ಲೆನಿನ್‌ಗ್ರಾದ್ ವಿದ್ಯಾರ್ಥಿಗಳನ್ನು ಉತ್ತರದ ವೆರ್ಕೊಲಾ ಹಳ್ಳಿಗೆ ಕರೆದೊಯ್ದು ರೈತರ ನಡುವೆ ಇರಿಸಿದರು. ಅವರು ರಂಗಕ್ಕೆ ತರುತ್ತಿದ್ದ ಕಾದಂಬರಿಯಲ್ಲಿ ಫ್ಯೋದರ್ ಅಬ್ರಾಮೊವ್ ಬರೆದದ್ದು ಆ ಹಳ್ಳಿಯವರ ಕಥೆಯನ್ನೇ.

ಹಳೇ_ಪರದೆ
ಮಲೆನಾಡ_ರಂಗದವರಿಗೆ ಸುಲಭ. ತೋಟ, ಸಾಲ, ಪೇಟೆಯಿಂದ ಬಂದು ಜಮೀನು ಮಾರೋಣ ಎನ್ನುವ ಭಾವ, ಲೆಕ್ಕ ಬರೆಯುವ ಮಾವ, ಮದುವೆಯಾಗದ ಹುಡುಗಿ. ಪ್ರತಿ ಮನೆಯಲ್ಲೂ ಇದ್ದಾರೆ, ವೆರ್ಕೊಲಾಕ್ಕೆ ಬಸ್ಸು ಹಿಡಿಯಬೇಕಾಗಿಲ್ಲ.

ಮಲೆನಾಡ_ರಂಗ
ಇದು ಮಾತ್ರ ನೂರಕ್ಕೆ ನೂರು ನಿಜ. ಮೂರನೇ ಅಂಕ ಓದಿದ ದಿನ ನಮ್ಮ ಪ್ರೊಫೆಸರ್ ಪಾತ್ರಧಾರಿ ಇದು ನಮ್ಮ ದಾಯಾದಿ ಪಂಚಾಯಿತಿಯೇ ಎಂದಿದ್ದರು. ಅವರು ಚೆನ್ನಾಗಿ ಮಾಡುತ್ತಿದ್ದಾರೆ, ಅವರಿಗೆ ಯಾವ ಅಭ್ಯಾಸವೂ ಬೇಕಾಗಲಿಲ್ಲ.

ಮೊದಲ_ಬೆಂಚು
ಬೇರೆ ಪ್ರಶ್ನೆ, ಕ್ಷಮಿಸಿ. ನಮ್ಮ ಕಾಲೇಜಿನಲ್ಲಿ ಗೊಗೊಲ್‌ನ ‘ಇನ್‌ಸ್ಪೆಕ್ಟರ್ ಜನರಲ್’ ಮಾಡಿಸುತ್ತಿದ್ದೇವೆ. ಅಲ್ಲಿ ಎಲ್ಲರೂ ವ್ಯಂಗ್ಯಚಿತ್ರಗಳು. ಭಾವದ ಸತ್ಯ ಅಲ್ಲಿಯೂ ಬೇಕೇ? ನಗು ಬಂದರೆ ಸಾಕಲ್ಲವೇ?

ಪುಸ್ತಕದ_ಹುಳು
ಅಲ್ಲಿ ಇನ್ನೂ ಹೆಚ್ಚು ಬೇಕು. 1836ರಲ್ಲಿ ಪೀಟರ್ಸ್‌ಬರ್ಗಿನ ಮೊದಲ ಪ್ರಯೋಗ ನೋಡಿ ಗೊಗೊಲ್ ಹತಾಶನಾದ. ಇನ್‌ಸ್ಪೆಕ್ಟರ್ ಎಂದು ಊರವರು ತಪ್ಪಾಗಿ ತಿಳಿಯುವ ಖ್ಲೆಸ್ತಕೊವ್‌ನ ಪಾತ್ರ ಮಾಡಿದ ನಟ ಪ್ರಹಸನದ ಮಾಮೂಲಿ ಸುಳ್ಳುಗಾರನಂತೆ ಆಡಿದ್ದ. ನಟರಿಗೆ ಗೊಗೊಲ್ ಕೊಟ್ಟ ಸೂಚನೆಯ ಸಾರ ಇಷ್ಟು: ನಗಿಸಬೇಕು ಎಂದು ನಟ ಎಷ್ಟು ಕಡಿಮೆ ಯೋಚಿಸುತ್ತಾನೋ ಅಷ್ಟು ನಗು ಬರುತ್ತದೆ, ಪ್ರತಿ ಪಾತ್ರವೂ ತನ್ನ ಕೆಲಸದಲ್ಲಿ ಗಂಭೀರವಾಗಿ ಮುಳುಗಿರಬೇಕು. ಮಾಸ್ಕೋದಲ್ಲಿ ಮೇಯರ್ ಪಾತ್ರ ಮಾಡಿದ ಶ್ಚೆಪ್ಕಿನ್ ಜೀತದಾಳಾಗಿ ಹುಟ್ಟಿದವನು, ಅಧಿಕಾರಿಗಳ ಎದುರು ನಡುಗುವುದು ಎಂದರೆ ಏನು ಎಂದು ಅವನಿಗೆ ಯಾರೂ ಕಲಿಸಬೇಕಾಗಿರಲಿಲ್ಲ.

ನಿಜವಾದ ಇನ್‌ಸ್ಪೆಕ್ಟರ್ ಬಂದ ಸುದ್ದಿಗೆ ಎಲ್ಲರೂ ಕಲ್ಲಾಗುವ ಕೊನೆಯ ಮೂಕ ದೃಶ್ಯವನ್ನು ಗೊಗೊಲ್ ಹೇಳಿದಷ್ಟು ಹೊತ್ತು, ಹತ್ತಿರ ಹತ್ತಿರ ಒಂದೂವರೆ ನಿಮಿಷ, ಕದಲದೆ ಹಿಡಿದಿಡಿ ನೋಡೋಣ. ಭಯ ನಿಜವಾಗಿಲ್ಲದಿದ್ದರೆ ಇಪ್ಪತ್ತನೇ ಸೆಕೆಂಡಿಗೆ ಹುಡುಗರು ಕಿಸಕ್ಕನೆ ನಗುತ್ತಾರೆ.

ಮೊದಲ_ಬೆಂಚು
ನಕ್ಕರು. ಹದಿನೈದನೇ ಸೆಕೆಂಡಿಗೇ.

ಸಂಶಯಪಿಶಾಚಿ
ಚೆಕಾಫ್ ಕೂಡ ‘ಚೆರ್ರಿ ಆರ್ಚರ್ಡ್’ ಹಾಸ್ಯನಾಟಕ ಎಂದು ಬಡಿದುಕೊಂಡ. ಸ್ತಾನಿಸ್ಲಾವ್‌ಸ್ಕಿ ದುರಂತ ಮಾಡಿ ಅಳಿಸಿದ. ಹನ್ನೆರಡು ನಿಮಿಷದಲ್ಲಿ ಮುಗಿಯಬೇಕಾದ ಕೊನೆಯ ಅಂಕವನ್ನು ನಲವತ್ತು ನಿಮಿಷ ಎಳೆಯುತ್ತಾರೆ ಎಂದು ಅವನು ಹೆಂಡತಿಗೆ ದೂರು ಬರೆದ. ಮಲೆನಾಡ_ರಂಗದವರೇ, ನಿಮ್ಮ ನಾಲ್ಕನೇ ಅಂಕ ಎಷ್ಟು ನಿಮಿಷ?

ಮಲೆನಾಡ_ರಂಗ
ಹೇಳುವುದಿಲ್ಲ.

ಪ್ರಾಂಪ್ಟರ್
ಐವತ್ತೈದು. ನಾನು ಅದೇ ತಂಡದವನು.

ಕೊನೆಯ_ಅಂಕ
ಅಣ್ಣಾ! ನೀವೂ ಇಲ್ಲಿದ್ದೀರಾ?

ನಿನ್ನೆ ಪುಸ್ತಕ ಮುಚ್ಚಿ ಸ್ವಂತ ಮಾತಿನಲ್ಲಿ ಆಡಿದೆವು. ಚೆನ್ನಾಗಿ ಆಯಿತು ಎಂದು ಹೇಳಲಾರೆ, ಮಾತು ಎಲ್ಲೆಲ್ಲೋ ಹೋಯಿತು. ನಾನು ‘ಲೆಕ್ಕ ಬರೆಯೋಣ ಮಾಮ’ ಎಂದರೆ ಅವರು ಪೆನ್ನು ಎಸೆದರು. ಹೆಕ್ಕಿ ಕೊಟ್ಟೆ. ಮತ್ತೆ ಎಸೆದರು. ನನಗೆ ಸಿಟ್ಟು ಬಂದಿತು, ಗದರಿಸಿದೆ. ಸೋನ್ಯಾ ಮಾಮನನ್ನು ಗದರಿಸಬಹುದೇ? ಸರ್ ಬೇಡ ಎನ್ನುತ್ತಾರೆ, ಸೋನ್ಯಾ ಮೃದು ಸ್ವಭಾವದವಳಂತೆ.

ವೋಲ್ಗಾ_ದಂಡೆ
ಗದರಿಸಲಿ. ಇಡೀ ಜಮೀನು ನಡೆಸುವ ಹುಡುಗಿ ಅವಳು. ಎರಡನೇ ಅಂಕದಲ್ಲಿ ಹುಲ್ಲೆಲ್ಲ ಕೊಯ್ದು ಮಳೆಗೆ ಕೊಳೆಯುತ್ತಿದೆ, ನೀನು ಕುಡಿಯುತ್ತಾ ಕೂತಿದ್ದೀಯ ಎಂದು ಇದೇ ಮಾಮನಿಗೆ ಹೇಳುವವಳೂ ಅವಳೇ.

ಮಲೆನಾಡ_ರಂಗ
ಗದರಿಕೆ ಒಪ್ಪಬಹುದು, ಪೆನ್ನು ಎಸೆಯುವುದು ಬೇಡ. ಅದು ಚೆಕಾಫ್‌ನಲ್ಲಿ ಇಲ್ಲ.

ವೋಲ್ಗಾ_ದಂಡೆ
ತಾಲೀಮಿನಲ್ಲಿ ಎಸೆಯಲಿ ಸರ್, ಪ್ರಯೋಗದ ದಿನ ಎಸೆಯದೆ ಹಿಡಿದುಕೊಳ್ಳುತ್ತಾರೆ. ಹಿಡಿದ ಕೈ ಬೇರೆಯಾಗಿರುತ್ತದೆ.

ನೇಪಥ್ಯ
ನನ್ನ ಇನ್ನೊಂದು ಪ್ರಶ್ನೆಗೂ ಉತ್ತರ ಬೇಕು. ವಾನ್ಯಾನ ಕೋಣೆಯ ಗೋಡೆಗೆ ಆಫ್ರಿಕಾದ ನಕ್ಷೆ ಬೇಕೆಂದಿದೆ. ಶಾಲೆಯಿಂದ ತಂದಿದ್ದೇನೆ, ಅದರಲ್ಲಿ ಈಗಿನ ದೇಶಗಳಿವೆ. ನಾಟಕ 1890ರ ದಶಕದ್ದು. ಯಾರಾದರೂ ತಪ್ಪು ಹಿಡಿಯುತ್ತಾರೆಯೇ?

ಪುಸ್ತಕದ_ಹುಳು
ನಾನು ಹಿಡಿಯುತ್ತೇನೆ.

ಎರಡನೇ_ಸಾಲು
ಇಲ್ಲಿ ಯಾರಿಗೂ ಬೇಡವಾದ ನಕ್ಷೆ ಎಂದು ಚೆಕಾಫ್‌ನೇ ಬರೆದಿದ್ದಾನೆ. ನೇತುಹಾಕಿ. ಆದರೆ ಅಸ್ತ್ರೋವ್ ಅದರ ಹತ್ತಿರ ಹೋಗಿ ನೋಡುವ ಜಾಗ ಬಿಟ್ಟು ಮೇಜು ಇಡಿ, ನಿಮ್ಮ ಹಿಂದಿನ ನಾಟಕದಲ್ಲಿ ನಾಯಕ ಕುರ್ಚಿ ಎಡವಿದ್ದು ನನಗೆ ನೆನಪಿದೆ.